ಹೋಟೆಲ್ ಬದಲು ಒಬ್ಬರ ಮನೆ ರೂಮಲ್ಲಿ ಉಳ್ಕೊಳ್ಳೋದು ಹೇಗೆ: ಹುಡುಕೋದ್ರಿಂದ ಹಿಡಿದು ಕೀ ವಾಪಸ್ ಕೊಡೋವರೆಗೆ ಸಮಗ್ರ ಮಾರ್ಗದರ್ಶಿ

2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಡಿಸೈನ್ ಸಮ್ಮೇಳನ ಇತ್ತು, ಊರಿನ ಹೋಟೆಲ್‌ಗಳು ತುಂಬಿಹೋಗಿದ್ವು, ಮನೆ ಬಾಡಿಗೆ ಕಟ್ಟೋಕೆ ಒದ್ದಾಡ್ತಿದ್ದ ಇಬ್ಬರು ಸ್ನೇಹಿತರು ತಮ್ಮ ಮನೇಲೇ ಗಾಳಿ ತುಂಬೋ ಹಾಸಿಗೆ ಹಾಕಿ ಮೂರು ಜನಕ್ಕೆ ಜಾಗ ಕೊಟ್ರು. ಅದೇ ಮುಂದಿನ ವರ್ಷ ಕಂಪನಿ ಆಗಿ ಈಗ ಏರ್‌ಬಿಎನ್‌ಬಿ ಅಂತ ಎಲ್ಲರಿಗೂ ಗೊತ್ತು. ಆದ್ರೆ ಈಗ ಆ ಆಪ್ ತೆಗೆದ್ರೆ ಕಾಣೋದ್ರಲ್ಲಿ ಬಹಳಷ್ಟು ಪೂರ್ತಿ ಫ್ಲಾಟ್‌ಗಳು, ಮನೆಯವರ ಮುಖಾನೇ ನೋಡದೆ ಬಂದು ಹೋಗಬಹುದು. ನಾನಿಲ್ಲಿ ಹೇಳ್ತಿರೋದು ಅದರ ಬಗ್ಗೆ ಅಲ್ಲ, ಮನೆಯವರು ಅಲ್ಲೇ ವಾಸ ಇದ್ದು ಒಂದು ರೂಮ್ ಮಾತ್ರ ಬಾಡಿಗೆಗೆ ಕೊಡ್ತಾರಲ್ಲ, ಅದರ ಬಗ್ಗೆ. ಇದು ಚೆನ್ನಾಗಿ ಆದ್ರೆ ಯಾವ ಹೋಟೆಲ್ಲೂ ಕೊಡದ ಅನುಭವ, ಕೆಟ್ಟರೆ ಮಾತ್ರ ತಪ್ಪಿಸ್ಕೊಳ್ಳೋಕೆ ರಿಸೆಪ್ಷನ್ ಕೂಡ ಇರಲ್ಲ. ಅದಕ್ಕೇ ಈ ವಿಷಯದಲ್ಲಿ ನಾನು ಎಲ್ಲರಿಗೂ ಹೇಳೋದು ಒಂದೇ, ರೂಮ್ ನೋಡೋಕ್ಕಿಂತ ಮುಂಚೆ ಮನೆಯವರು ಎಂಥವರು ಅಂತ ನೋಡಿ, ಕೇಳಬೇಕಾಗಿರೋದನ್ನೆಲ್ಲ ದುಡ್ಡು ಕಟ್ಟೋಕ್ಕಿಂತ ಮುಂಚೆ ಕೇಳಿ.

ಹಂತ 1: ಇದು ಈ ಪ್ರವಾಸಕ್ಕೆ ಸರಿಹೋಗತ್ತಾ

ಎಲ್ಲಾ ಪ್ರವಾಸಕ್ಕೂ ಇದು ಹೊಂದಲ್ಲ. ಒಂದೇ ರಾತ್ರಿ ಇರೋದು, ಮಧ್ಯರಾತ್ರಿ ಬಂದು ಬೆಳಗಿನ ಜಾವ ಹೊರಡೋದು, ಅಂಥದಕ್ಕೆ ಹೋಟೆಲ್ಲೇ ವಾಸಿ, ಯಾಕಂದ್ರೆ ನಿಮ್ಮ ಬ್ಯಾಗ್ ಎಳೆಯೋ ಸದ್ದಿಗೆ ಒಂದು ಸಂಸಾರ ಪೂರ್ತಿ ಎದ್ದು ಕೂತ್ಕೊಳ್ಳತ್ತೆ. ತುಂಬಾ ಚಿಕ್ಕ ಮಗು ಇದ್ರೆ, ರಾತ್ರಿಯಿಡೀ ಫೋನಲ್ಲಿ ಆಫೀಸ್ ಮೀಟಿಂಗ್ ಇದ್ರೆ, ಅಥವಾ ಯಾರ ಜೊತೇನೂ ಮಾತೇ ಬೇಡ ಅನ್ನೋ ಮನಸ್ಥಿತೀಲಿ ಇದ್ರೆ ಕೂಡ ಬೇಡ. ಮೂರು ನಾಲ್ಕು ರಾತ್ರಿಗಿಂತ ಜಾಸ್ತಿ ಒಂದೇ ಊರಲ್ಲಿ ಇರ್ತೀರ, ಅಡುಗೆಮನೆ ಸ್ವಲ್ಪ ಸಿಕ್ರೆ ಉಪಯೋಗ ಆಗತ್ತೆ, ಬಟ್ಟೆ ಒಗೆಯೋ ಮೆಷಿನ್ ಬೇಕು, ಆ ಊರಿನ ಬಗ್ಗೆ ಅಲ್ಲಿಯವರ ಬಾಯಲ್ಲೇ ಕೇಳಬೇಕು ಅಂದ್ರೆ ಆಗ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಒಬ್ಬರೇ ಹೋಗೋರಿಗೆ ಖರ್ಚಲ್ಲೂ ಅನುಕೂಲ ಆಗಬಹುದು, ಹೋಟೆಲಲ್ಲಿ ಒಬ್ಬರಿದ್ರೂ ಸಾಮಾನ್ಯವಾಗಿ ಡಬಲ್ ರೂಮಿನ ದರಾನೇ ಕೊಡಬೇಕಾಗತ್ತಲ್ಲ.

ಹಂತ 2: ಆ ಊರಲ್ಲಿ ಇದಕ್ಕೆ ಕಾನೂನು ಒಪ್ಪತ್ತಾ ನೋಡಿ

ಇದನ್ನ ಬಹಳ ಜನ ನೋಡೋದೇ ಇಲ್ಲ, ಬುಕ್ ಆದ ಮೇಲೆ ಹೋಸ್ಟ್, ಅಂದ್ರೆ ರೂಮ್ ಕೊಡೋ ಮನೆಯವರು, ಕ್ಯಾನ್ಸಲ್ ಮಾಡಿದಾಗ ಗೊತ್ತಾಗತ್ತೆ. ಊರಿಂದ ಊರಿಗೆ ನಿಯಮ ಪೂರ್ತಿ ಬೇರೆ. ಬಾರ್ಸಿಲೋನಾದಲ್ಲಿ 2021ರಿಂದ ಪ್ರವಾಸಿಗರಿಗೆ 31 ದಿನಕ್ಕಿಂತ ಕಮ್ಮಿ ಅವಧಿಗೆ ಮನೆಯ ಒಂದು ರೂಮ್ ಕೊಡೋದನ್ನೇ ನಿಷೇಧ ಮಾಡಿದ್ದಾರೆ. ಸಿಂಗಾಪುರದಲ್ಲಿ ಖಾಸಗಿ ಮನೇನ ಕನಿಷ್ಠ ಮೂರು ತಿಂಗಳಿಗೆ ಕೊಡಬೇಕು, ಅದಕ್ಕಿಂತ ಕಮ್ಮಿಗೆ ಕೊಡೋ ಹಾಗಿಲ್ಲ. ನ್ಯೂಯಾರ್ಕ್ ನಗರದಲ್ಲಿ 2023ರ ಸೆಪ್ಟೆಂಬರ್‌ನಿಂದ ಬಿಗಿ ಮಾಡಿದ್ದಾರೆ, 30 ದಿನಕ್ಕಿಂತ ಕಮ್ಮಿ ಅಂದ್ರೆ ಹೋಸ್ಟ್ ನಗರದಲ್ಲಿ ನೋಂದಣಿ ಮಾಡಿಸಿರಬೇಕು, ನೀವಿರೋವಷ್ಟು ದಿನ ಅವರೂ ಅದೇ ಮನೇಲಿ ಇರಬೇಕು, ಗೆಸ್ಟ್ ಇಬ್ಬರಿಗಿಂತ ಜಾಸ್ತಿ ಇರಬಾರದು, ಗೆಸ್ಟನ್ನೂ ಮನೆಯವರನ್ನೂ ಬೇರೆ ಮಾಡೋ ಹಾಗೆ ಒಳಗಿನ ಬಾಗಿಲಿಗೆ ಬೀಗ ಹಾಕೋ ಹಾಗಿಲ್ಲ. ಜಪಾನ್‌ನಲ್ಲಿ 2018ರ ಕಾನೂನು ಪ್ರಕಾರ ನೋಂದಣಿ ಆದ ಮನೇನ ವರ್ಷಕ್ಕೆ 180 ದಿನ ಮಾತ್ರ ಹೀಗೆ ಕೊಡಬಹುದು. ಇಟಲಿಯಲ್ಲಿ 2025ರಿಂದ ಪ್ರತಿ ಲಿಸ್ಟಿಂಗ್‌ನಲ್ಲೂ (ಆಪಲ್ಲಿ ಆ ರೂಮಿನ ವಿವರ ಹಾಕಿರೋ ಪುಟ) ಸರ್ಕಾರ ಕೊಟ್ಟಿರೋ ಗುರುತಿನ ಸಂಖ್ಯೆ ಹಾಕಿರಲೇಬೇಕು.

ಹಾಗಾಗಿ ಊರಿನ ಹೆಸರು ಹಾಕಿ ಅಲ್ಲಿನ ಅಲ್ಪಾವಧಿ ಬಾಡಿಗೆ ನಿಯಮ ಏನು ಅಂತ ಒಂದು ಹತ್ತು ನಿಮಿಷ ಹುಡುಕಿ, ನಗರಸಭೆಯ ವೆಬ್‌ಸೈಟಲ್ಲೇ ಸಿಗತ್ತೆ. ನೋಂದಣಿ ಸಂಖ್ಯೆ ಬೇಕಾದ ಊರಾದ್ರೆ ಲಿಸ್ಟಿಂಗಲ್ಲಿ ಅದು ಕಾಣ್ಬೇಕು, ಕಾಣ್ತಿಲ್ಲ ಅಂದ್ರೆ ಮುಂದಿನ ರೂಮ್ ನೋಡಿ. "ಯಾರಾದ್ರೂ ಕೇಳಿದ್ರೆ ನನ್ನ ಫ್ರೆಂಡ್ ಅಂತ ಹೇಳಿ" ಅಂತ ಹೋಸ್ಟ್ ಮೆಸೇಜ್ ಹಾಕಿದ್ರೆ ಅಲ್ಲಿಗೇ ಬಿಟ್ಬಿಡಿ, ನೀವು ರಜಾ ಕಳೆಯೋಕೆ ಹೋಗ್ತಿರೋದು, ಸುಳ್ಳು ಹೇಳಿಕೊಂಡು ಮೆಟ್ಟಿಲು ಹತ್ತೋಕಲ್ಲ.

ಹಂತ 3: ಹುಡುಕೋದು

ಏರ್‌ಬಿಎನ್‌ಬಿಯಲ್ಲಿ ಪೂರ್ತಿ ಮನೆ, ಖಾಸಗಿ ರೂಮ್, ಹಂಚಿಕೊಳ್ಳೋ ರೂಮ್ ಅಂತ ಬೇರೆ ಬೇರೆ ಇರತ್ತೆ, ಖಾಸಗಿ ರೂಮ್ ಆರಿಸಿ. ಬುಕಿಂಗ್ ಡಾಟ್ ಕಾಮ್‌ನಲ್ಲಿ ಹೋಮ್‌ಸ್ಟೇ, ಗೆಸ್ಟ್‌ಹೌಸ್ ಅನ್ನೋ ಫಿಲ್ಟರ್ ಹಾಕಿ. ಕೌಚ್‌ಸರ್ಫಿಂಗ್ ಇದೇ ಸಾಲಿಗೆ ಸೇರಿದ್ರೂ ಬೇರೆ ಥರದ್ದು, ಅಲ್ಲಿ ಹೋಸ್ಟ್ ಬಾಡಿಗೆ ತಗೊಳ್ಳಲ್ಲ, ಪರಸ್ಪರ ಆತಿಥ್ಯದ ಮೇಲೆ ನಡೆಯೋದು, ಹಾಗಾಗಿ ಬಾಡಿಗೆ ರೂಮಲ್ಲಿ ನಿರೀಕ್ಷೆ ಮಾಡೋದನ್ನೆಲ್ಲ ಅಲ್ಲಿ ಮಾಡೋ ಹಾಗಿಲ್ಲ.

ಮ್ಯಾಪ್ ತೆಗೆದು ನೀವು ದಿನಾ ಹೋಗಬೇಕಾದ ಜಾಗ ಯಾವುದು, ರಾತ್ರಿ ಕೊನೇ ಬಸ್ಸೋ ಮೆಟ್ರೋನೋ ಎಷ್ಟು ಗಂಟೆಗೆ, ಸ್ಟಾಪಿಂದ ಮನೆಗೆ ನಡೆಯೋ ದಾರಿ ಹೇಗಿದೆ ಅಂತ ನೋಡಿ. ಏರ್‌ಬಿಎನ್‌ಬಿ ಸಾಮಾನ್ಯವಾಗಿ ಬುಕ್ ಆಗೋವರೆಗೂ ಪೂರ್ತಿ ವಿಳಾಸ ಕೊಡದೆ ಮ್ಯಾಪಲ್ಲಿ ಅಂದಾಜು ಜಾಗ ಅಷ್ಟೇ ತೋರಿಸತ್ತೆ, ಅದಕ್ಕೇ ಆ ಅಂದಾಜು ಜಾಗದ ಅಂಚಲ್ಲಿ ಮನೆ ಇದ್ರೂ ನಡೀತದಾ ಅಂತ ಲೆಕ್ಕ ಹಾಕ್ಕೊಳ್ಳಿ. ಸುತ್ತಮುತ್ತಲಿನ ರಸ್ತೆಗಳನ್ನ ಸ್ಟ್ರೀಟ್ ವ್ಯೂನಲ್ಲಿ ಒಂದ್ಸಲ ಓಡಾಡಿ ಬನ್ನಿ, ಪಕ್ಕದಲ್ಲೇ ಹೈವೇ ಇದ್ಯಾ, ಬಾರ್‌ಗಳ ಸಾಲಿದ್ಯಾ ಅಂತ ಗೊತ್ತಾಗತ್ತೆ.

ಹಂತ 4: ಲಿಸ್ಟಿಂಗ್ ಓದೋದು, ಅದಕ್ಕಿಂತ ಜಾಸ್ತಿ ರಿವ್ಯೂ ಓದೋದು

ಇಲ್ಲಿ ಟೈಮ್ ಕೊಡಿ. ಫೋಟೋ ನೋಡುವಾಗ ಏನು ಕಾಣಿಸ್ತಿದೆ ಅನ್ನೋದಕ್ಕಿಂತ ಏನು ಕಾಣಿಸ್ತಿಲ್ಲ ಅಂತ ನೋಡಿ. ಹತ್ತು ಫೋಟೋದಲ್ಲಿ ಎಂಟು ಹೂಕುಂಡ, ದೀಪ, ದಿಂಬಿಂದೇ ಆಗಿದ್ದು ಬಾತ್‌ರೂಮಿಂದು ಒಂದೂ ಇಲ್ಲ ಅಂದ್ರೆ ಅನುಮಾನ ಪಡಬೇಕು. ರೂಮಿಗೆ ಕಿಟಕಿ ಇದ್ಯಾ, ಆ ಕಿಟಕಿ ಹೊರಗಡೆಗೆ ತೆರೆಯತ್ತಾ ಇಲ್ಲಾ ಇನ್ನೊಂದು ಗೋಡೆಗಾ, ಹಾಸಿಗೆ ನಿಜವಾದ ಮಂಚದ ಮೇಲಿದ್ಯಾ ಇಲ್ಲಾ ಬಿಚ್ಚಿದ್ರೆ ಹಾಸಿಗೆ ಆಗೋ ಸೋಫಾನಾ. ಎಲ್ಲಾ ಫೋಟೋನೂ ಮೂಲೇಲಿ ನಿಂತು ಅಗಲ ಲೆನ್ಸಲ್ಲಿ ತೆಗೆದಿದ್ರೆ ರೂಮ್ ಚಿಕ್ಕದು ಅಂತಾನೇ ಅಂದ್ಕೊಳ್ಳಿ, ಮಂಚದ ಪಕ್ಕ ಎಷ್ಟು ಜಾಗ ಉಳಿದಿದೆ ಅನ್ನೋದ್ರ ಮೇಲೆ ಅಳತೆ ಊಹಿಸಬಹುದು.

ಮನೆಯ ನಿಯಮಗಳ ಭಾಗ ಪೂರ್ತಿ ಓದಿ, ಇದನ್ನ ಹಾರಿಸೋರೇ ಜಾಸ್ತಿ. ಬಾತ್‌ರೂಮ್ ನಿಮಗೊಬ್ಬರಿಗೇನಾ, ಬೇರೆ ಗೆಸ್ಟ್ ಜೊತೆನಾ, ಮನೆಯವರ ಜೊತೆನಾ, ಈ ಮೂರೂ ಬೇರೆ ಬೇರೆ. ಅಡುಗೆಮನೆ ಅಂತ ಬರೆದಿದ್ರೂ ಕೆಲವು ಕಡೆ ಅದು ನೀರು ಕಾಯಿಸೋಕೆ ಮಾತ್ರ. ನಾಯಿ ಬೆಕ್ಕು ಇದ್ಯಾ, ಮನೇಲಿ ಸಿಗರೇಟ್ ಸೇದ್ತಾರಾ, ಎಷ್ಟನೇ ಮಹಡಿ, ಲಿಫ್ಟ್ ಇದ್ಯಾ. ಲಿಫ್ಟ್ ಇಲ್ಲದ ಐದನೇ ಮಹಡಿ ಅನ್ನೋ ಮಾತು ಎಷ್ಟೋ ಲಿಸ್ಟಿಂಗಲ್ಲಿ ಕೊನೇ ಸಾಲಲ್ಲಿ ಅಡಗಿ ಕೂತಿರತ್ತೆ.

ರಿವ್ಯೂ ವಿಷಯಕ್ಕೆ ಬಂದ್ರೆ, ಸ್ಟಾರ್ ಸರಾಸರಿ ನೋಡಿ ನಿರ್ಧಾರ ಮಾಡ್ಬೇಡಿ. ಮನೇಲಿ ಉಳಿದು ಅವರ ಕೈಯಲ್ಲಿ ಕಾಫಿ ಕುಡಿದು ಬಂದೋರು ಕಮ್ಮಿ ಸ್ಟಾರ್ ಕೊಡೋಕೆ ಸಂಕೋಚ ಪಡ್ತಾರೆ, ಅದಕ್ಕೇ ಈ ಥರದ ರೂಮ್‌ಗಳಿಗೆ ಸ್ಟಾರ್ ಯಾವಾಗ್ಲೂ ಮೇಲೇ ಇರತ್ತೆ. ಏರ್‌ಬಿಎನ್‌ಬಿಯಲ್ಲಿ ಸೂಪರ್‌ಹೋಸ್ಟ್, ಅಂದ್ರೆ ಒಳ್ಳೆ ಹೋಸ್ಟ್ ಅಂತ ಕಂಪನಿ ಕೊಡೋ ಗುರುತು, ಅದು ಸಿಗೋಕೇ ಐದಕ್ಕೆ ಸರಾಸರಿ 4.8 ಇರಬೇಕು ಅಂದ್ರೆ ನೀವೇ ಯೋಚನೆ ಮಾಡಿ, 4.5 ಅನ್ನೋದು ಅಲ್ಲಿ ಒಳ್ಳೆ ಅಂಕ ಅಲ್ಲ. ಮಾತುಗಳನ್ನ ಓದಿ. "ಜಾಗ ಚೆನ್ನಾಗಿದೆ, ಸ್ಟೇಷನ್ ಹತ್ರ" ಅಂತ ಮಾತ್ರ ಬರೆದು ಮನೆಯವರ ಬಗ್ಗೆ, ಸ್ವಚ್ಛತೆ ಬಗ್ಗೆ ಒಂದಕ್ಷರ ಹೇಳಿಲ್ಲ ಅಂದ್ರೆ ಆ ಮೌನ ಕೂಡ ಒಂದು ಅಭಿಪ್ರಾಯಾನೇ. "ಗೋಡೆ ಸ್ವಲ್ಪ ತೆಳು" ಅಂದ್ರೆ ಪಕ್ಕದ ರೂಮಿನ ಮಾತು ಕೇಳಿಸತ್ತೆ ಅಂತ, "ಹೋಸ್ಟ್ ತುಂಬಾ ಮಾತುಗಾರರು" ಅಂದ್ರೆ ಸಂಜೆ ನಿಮ್ಮ ಟೈಮ್ ನಿಮಗೆ ಸಿಗದೇ ಇರಬಹುದು ಅಂತ. ಇತ್ತೀಚಿನದ್ರಿಂದ ಶುರು ಮಾಡಿ, ಒಂದೇ ದೂರು ಇಬ್ಬರು ಮೂವರು ಬೇರೆ ಬೇರೆ ತಿಂಗಳಲ್ಲಿ ಹೇಳಿದ್ರೆ ಅದು ನಿಜ ಅಂತ ತಿಳ್ಕೊಳ್ಳಿ. ದೂರಿಗೆ ಹೋಸ್ಟ್ ಏನು ಉತ್ತರ ಕೊಟ್ಟಿದ್ದಾರೆ ಅಂತ ತಪ್ಪದೆ ಓದಿ, ನನ್ನ ಮಟ್ಟಿಗೆ ಇಡೀ ಪುಟದಲ್ಲಿ ಅತೀ ಮುಖ್ಯವಾದ ಸಾಲುಗಳು ಅವೇ. ತಪ್ಪಾಯ್ತು, ಸರಿ ಮಾಡಿದ್ದೀವಿ ಅನ್ನೋರ ಮನೇಲಿ ಧೈರ್ಯವಾಗಿ ಇರಬಹುದು, ದೂರು ಕೊಟ್ಟ ಗೆಸ್ಟನ್ನೇ ಬೈದಿದ್ರೆ ನಾಳೆ ನಿಮಗೂ ಅದೇ ಆಗೋದು.

ಒಬ್ಬರೇ ಹೋಗೋ ಹೆಣ್ಣುಮಕ್ಕಳು ಇನ್ನೊಂದು ಕೆಲಸ ಮಾಡಿ, ರಿವ್ಯೂ ಬರೆದವರಲ್ಲಿ ಒಬ್ಬರೇ ಬಂದು ಉಳಿದ ಹೆಣ್ಣುಮಕ್ಕಳು ಇದ್ದಾರಾ, ಅವರು ಏನು ಹೇಳಿದ್ದಾರೆ ಅಂತ ಹುಡುಕಿ. ಅಂಥ ರಿವ್ಯೂ ಇಲ್ಲದ ಮನೆ ಕೆಟ್ಟದು ಅಂತ ಅಲ್ಲ, ಆದ್ರೆ ಮೊದಲನೆಯವರು ನೀವೇ ಆಗಬೇಕಾಗಿಲ್ಲ.

ಹಂತ 5: ನಿಜವಾದ ಖರ್ಚು ಲೆಕ್ಕ

ರಾತ್ರಿಗೆ ಇಷ್ಟು ಅಂತ ತೋರಿಸೋ ದರಕ್ಕೆ ಕ್ಲೀನಿಂಗ್ ಫೀ, ಸರ್ವಿಸ್ ಫೀ, ಊರಿನ ಪ್ರವಾಸಿ ತೆರಿಗೆ ಸೇರಬಹುದು. ಕ್ಲೀನಿಂಗ್ ಫೀ ಎಷ್ಟು ರಾತ್ರಿ ಇದ್ರೂ ಒಂದೇ ಸಲ ಬೀಳೋದು. ರಾತ್ರಿಗೆ 100, ಕ್ಲೀನಿಂಗ್ 60 ಅಂತಿಟ್ಕೊಂಡ್ರೆ ಒಂದು ರಾತ್ರಿಗೆ 160 ಆಯ್ತು, ಆರು ರಾತ್ರಿ ಇದ್ರೆ ರಾತ್ರಿಗೆ 110. ಹೋಟೆಲ್ ಜೊತೆ ಹೋಲಿಸುವಾಗ ಪೂರ್ತಿ ಮೊತ್ತಾನ ರಾತ್ರಿಗಳಿಂದ ಭಾಗಿಸಿ ನೋಡಿ, ಹೋಟೆಲಲ್ಲಿ ತಿಂಡಿ ಸೇರಿದ್ರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಕ್ಯಾನ್ಸಲ್ ಮಾಡಿದ್ರೆ ಎಷ್ಟು ವಾಪಸ್ ಬರತ್ತೆ ಅನ್ನೋದು ಹೋಸ್ಟ್ ಆರಿಸಿರೋ ನಿಯಮದ ಮೇಲೆ ಹೋಗತ್ತೆ, ವೀಸಾ ಇನ್ನೂ ಸಿಕ್ಕಿಲ್ಲ, ರಜಾ ಇನ್ನೂ ಮಂಜೂರಾಗಿಲ್ಲ ಅಂದ್ರೆ ಸ್ವಲ್ಪ ದುಬಾರಿ ಆದ್ರೂ ಸಡಿಲ ನಿಯಮ ಇರೋದನ್ನೇ ತಗೊಳ್ಳಿ.

ಹಂತ 6: ಬುಕ್ ಮಾಡೋಕ್ಕಿಂತ ಮುಂಚಿನ ಮೆಸೇಜ್

ಒಂದೇ ಒಂದು ಹಂತ ಪಾಲಿಸೋಕೆ ಆಗೋದು ಅಂದ್ರೆ ಇದನ್ನ ಪಾಲಿಸಿ. ತಕ್ಷಣ ಬುಕ್ ಮಾಡೋ ಬಟನ್ ಇದ್ರೂ ಮೊದಲು ಮೆಸೇಜ್ ಹಾಕಿ. ನೀವು ಯಾರು, ಯಾಕೆ ಬರ್ತಿದ್ದೀರ, ಎಷ್ಟು ಜನ, ಎಷ್ಟು ಗಂಟೆಗೆ ತಲುಪ್ತೀರ, ಆಮೇಲೆ ನಿಮ್ಮ ಪ್ರಶ್ನೆಗಳು. ಹೀಗೆ ಬರೀಬಹುದು:

"ನಮಸ್ಕಾರ, ನಾನು ಮತ್ತು ನನ್ನ ತಾಯಿ 12ರಿಂದ 17ನೇ ತಾರೀಕಿನವರೆಗೆ ನಿಮ್ಮ ಊರು ನೋಡೋಕೆ ಬರ್ತಿದ್ದೀವಿ. ನಮ್ಮ ಟ್ರೇನ್ ರಾತ್ರಿ 9ಕ್ಕೆ ತಲುಪತ್ತೆ, 10 ಗಂಟೆಗೆ ಬಂದ್ರೆ ನಿಮಗೆ ತೊಂದರೆ ಇಲ್ವಾ? ಅಮ್ಮನಿಗೆ ಮಂಡಿ ನೋವಿದೆ, ಬಾಗಿಲವರೆಗೆ ಎಷ್ಟು ಮೆಟ್ಟಿಲಿದೆ? ಬಾತ್‌ರೂಮ್ ಬೇರೆ ಯಾರ ಜೊತೆ ಹಂಚ್ಕೋಬೇಕು? ಬೆಳಗ್ಗೆ ಅಡುಗೆಮನೇಲಿ ಸರಳವಾಗಿ ಏನಾದ್ರೂ ಮಾಡ್ಕೋಬಹುದಾ? ರೂಮಿಗೆ ಒಳಗಿಂದ ಚಿಲಕ ಇದ್ಯಾ?"

ಇಷ್ಟು ಸಾಕು. ಇದರಿಂದ ಎರಡು ಲಾಭ, ಉತ್ತರ ಬರವಣಿಗೇಲಿ ಸಿಗತ್ತೆ, ಮುಂದೆ ಅಲ್ಲಿ ಹೋದಾಗ ಹೇಳಿದ್ದು ಒಂದು ಇರೋದು ಒಂದು ಆದ್ರೆ ನಿಮ್ಮ ಕೈಲಿ ದಾಖಲೆ ಇರತ್ತೆ. ಅದಕ್ಕಿಂತ ದೊಡ್ಡದು, ಮನೆಯವರ ಸ್ವಭಾವ ಗೊತ್ತಾಗತ್ತೆ. ನೀವು ಕೇಳಿದ ಐದು ಪ್ರಶ್ನೆಗೆ ಐದೂ ಉತ್ತರ ಕೊಟ್ಟು, ಸ್ಟೇಷನ್ನಿಂದ ಹೇಗೆ ಬರಬೇಕು ಅಂತಾನೂ ಹೇಳೋರು ಇರ್ತಾರೆ, ಅಂಥವರ ರೂಮ್ ಸ್ವಲ್ಪ ಹಳೇದಾಗಿದ್ರೂ ಹೋಗಿ. "ಎಲ್ಲಾ ಲಿಸ್ಟಿಂಗಲ್ಲಿ ಇದೆ" ಅಂತ ಒಂದು ಸಾಲಲ್ಲಿ ಮುಗಿಸೋರು, ಎರಡು ದಿನ ಉತ್ತರಾನೇ ಕೊಡದೋರು ಇದ್ರೆ, ನೀವು ರಾತ್ರಿ ಬಾಗಿಲಲ್ಲಿ ಕೀ ಇಲ್ಲದೆ ನಿಂತಾಗ ಹೇಗಿರ್ತಾರೆ ಅಂತ ಯೋಚಿಸಿ.

ಕಂಪನಿ ನಿಯಮ ಏನಿದ್ರೂ ಕ್ಯಾಮೆರಾ ವಿಷಯ ಕೇಳೋಕೆ ಹಿಂಜರಿಯಬೇಡಿ. ಏರ್‌ಬಿಎನ್‌ಬಿ 2024ರ ಏಪ್ರಿಲ್ ಕೊನೆಯಿಂದ ಮನೆ ಒಳಗೆ ಎಲ್ಲೂ ಸೆಕ್ಯುರಿಟಿ ಕ್ಯಾಮೆರಾ ಇರಬಾರದು ಅಂತ ಜಗತ್ತಿನಾದ್ಯಂತ ನಿಯಮ ಮಾಡಿದೆ, ಹಾಲ್‌ನಲ್ಲಿ ಎಲ್ಲರಿಗೂ ಕಾಣೋ ಹಾಗೆ ಇಟ್ಟಿದ್ರೂ ಇಲ್ಲ. ಹೊರಗಡೆ ಇದ್ರೆ ಎಲ್ಲಿದೆ ಅಂತ ಮೊದಲೇ ಹೇಳಿರಬೇಕು.

ಹಂತ 7: ದುಡ್ಡು ಆಪ್ ಒಳಗೇ ಕಟ್ಟಿ

"ಆಪ್ ಕಮಿಷನ್ ತಿನ್ನತ್ತೆ, ನೇರವಾಗಿ ಅಕೌಂಟಿಗೆ ಹಾಕಿ ಕಮ್ಮಿ ಮಾಡ್ಕೊಡ್ತೀನಿ" ಅನ್ನೋ ಮಾತು ಬಂದ್ರೆ ಅಲ್ಲಿಗೆ ನಿಲ್ಲಿಸಿ. ಹೊರಗೆ ದುಡ್ಡು ಕಟ್ಟಿದ ಕ್ಷಣದಿಂದ ಕಂಪನಿ ನಿಮ್ಮ ಪರವಾಗಿ ಏನೂ ಮಾಡೋಕಾಗಲ್ಲ, ಕೆಲವು ಸಲ ಆ ಮನೆ ಇರೋದೇ ಇಲ್ಲ, ಯಾವುದೋ ಮಾರಾಟಕ್ಕಿದ್ದ ಮನೆಯ ಫೋಟೋ ಕದ್ದು ಹಾಕಿರ್ತಾರೆ. ಅನುಮಾನ ಬಂದ್ರೆ ಫೋಟೋನ ಇಮೇಜ್ ಸರ್ಚಲ್ಲಿ ಹಾಕಿ, ಬೇರೆ ಊರಿನ ಬೇರೆ ಹೆಸರಲ್ಲಿ ಅದೇ ರೂಮ್ ಕಂಡ್ರೆ ಮೋಸ ಅಂತ ಖಾತ್ರಿ. ಬುಕ್ ಆದ ಮೇಲೆ "ಕಾರ್ಡ್ ಮತ್ತೆ ವೆರಿಫೈ ಮಾಡಿ" ಅಂತ ಲಿಂಕ್ ಬರೋದೂ ಇದೆ, ಲಿಂಕ್ ಒತ್ತದೆ ನೀವೇ ಆಪ್ ತೆಗೆದು ಅಲ್ಲಿ ಏನಾದ್ರೂ ಬಾಕಿ ತೋರಿಸ್ತಿದ್ಯಾ ನೋಡಿ. ಪಾಸ್‌ಪೋರ್ಟ್ ಕಾಪಿ ಕೇಳಿದ್ರೆ ಗಾಬರಿ ಬೇಡ, ಇಟಲಿ, ಸ್ಪೇನ್ ಥರ ಕೆಲವು ದೇಶಗಳಲ್ಲಿ ಗೆಸ್ಟ್ ವಿವರ ಸರ್ಕಾರಕ್ಕೆ ಕೊಡಲೇಬೇಕಾದ್ದು ಹೋಸ್ಟಿನ ಕೆಲಸ. ಆದ್ರೆ ಬುಕ್ ಆದ ಮೇಲೆ ಮಾತ್ರ ಕೊಡಿ, ಕಾಪಿ ಮೇಲೆ ಯಾವ ಕಾರಣಕ್ಕೆ, ಯಾವ ತಾರೀಕಿಗೆ ಅಂತ ಅಡ್ಡ ಬರೆದು ಕೊಟ್ರೆ ಇನ್ನೂ ಒಳ್ಳೇದು.

ಹಂತ 8: ತಲುಪಿದ ದಿನ

ವಿಳಾಸ, ಹೋಸ್ಟ್ ನಂಬರ್, ಬಾಗಿಲಿನ ಕೋಡ್ ಎಲ್ಲಾನೂ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ನೆಟ್‌ವರ್ಕ್ ಇಲ್ಲದ ಕಡೆ ಆಪ್ ತೆರೆಯಲ್ಲ. ಮನೇಲಿ ಯಾರಿಗಾದ್ರೂ ಆ ವಿಳಾಸ ಕಳಿಸಿಡಿ. ಲೇಟ್ ಆಗ್ತಿದ್ರೆ ದಾರಿಯಿಂದಾನೇ ಮೆಸೇಜ್ ಹಾಕಿ, ನಿಮಗೋಸ್ಕರ ಒಬ್ಬರು ಎದ್ದು ಕಾಯ್ತಿರ್ತಾರೆ.

ಹೋದ ಕೂಡ್ಲೇ ಬ್ಯಾಗ್ ಬಿಚ್ಚಬೇಡಿ. ರೂಮ್ ಫೋನಲ್ಲಿ ಒಂದು ವಿಡಿಯೋ ಮಾಡಿ, ಗೋಡೆ ಮೇಲೆ ಕಲೆ, ಮುರಿದ ಹಿಡಿಕೆ, ಟೇಬಲ್ ಮೇಲಿನ ಗೀರು ಎಲ್ಲಾ ಬರೋ ಹಾಗೆ. ಬಾಗಿಲ ಚಿಲಕ ಹಾಕಿ ನೋಡಿ, ಕಿಟಕಿ ಮುಚ್ಚತ್ತಾ ನೋಡಿ, ಬಿಸಿನೀರು ಬಿಟ್ಟು ನೋಡಿ, ವೈಫೈ ಹಾಕಿ ನೋಡಿ. ಹೊಗೆ ಅಲಾರಂ ಎಲ್ಲಿದೆ, ಬೆಂಕಿ ಬಿದ್ರೆ ಯಾವ ಕಡೆಯಿಂದ ಹೊರಗೆ ಹೋಗೋದು ಅಂತ ಕೇಳಿ. ಮನೇಲಿ ಗ್ಯಾಸಲ್ಲಿ ಓಡೋ ಹೀಟರ್, ಗೀಸರ್ ಅಥವಾ ಬೆಂಕಿಗೂಡು ಇದ್ರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದ್ಯಾ ಅಂತ ಖಂಡಿತ ನೋಡಿ, ಆ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೇಲಿ ಇರೋರಿಗೆ ಗೊತ್ತೇ ಆಗಲ್ಲ, ಜೀವಕ್ಕೇ ಅಪಾಯ. ಪದೇ ಪದೇ ಪ್ರವಾಸ ಹೋಗೋರು ಬ್ಯಾಟರಿಯಲ್ಲಿ ನಡೆಯೋ ಚಿಕ್ಕ ಅಲಾರಂ ಒಂದನ್ನ ಬ್ಯಾಗಲ್ಲಿ ಇಟ್ಕೊಳ್ಳೋದು ನನಗೆ ತುಂಬಾ ಸರಿ ಅನ್ಸತ್ತೆ.

ಆಮೇಲೆ ಮನೆಯವರ ಜೊತೆ ಐದು ನಿಮಿಷ ನಿಂತು ಮಾತಾಡಿ. ಬಾಗಿಲಿಗೆ ಬೀಗ ಹೇಗೆ ಹಾಕೋದು, ಬೆಳಗ್ಗೆ ಯಾರು ಎಷ್ಟೊತ್ತಿಗೆ ಸ್ನಾನಕ್ಕೆ ಹೋಗ್ತಾರೆ, ಫ್ರಿಜ್ಜಲ್ಲಿ ನಮಗೆ ಯಾವ ಶೆಲ್ಫ್, ಕಸ ಎಲ್ಲಿ ಹಾಕೋದು, ಎಷ್ಟು ಗಂಟೆ ಮೇಲೆ ಸದ್ದು ಬೇಡ. ಈ ಐದು ಮಾತು ಮೊದಲ ದಿನಾನೇ ಆಗಿಬಿಟ್ರೆ ಇರೋವಷ್ಟು ದಿನ ಎರಡು ಕಡೆಯವರಿಗೂ ನೆಮ್ಮದಿ.

ಹಂತ 9: ಇರೋವಷ್ಟು ದಿನ

ಇಲ್ಲಿ ಉದ್ದ ಬರೆಯೋಂಥದ್ದೇನಿಲ್ಲ. ಬಾತ್‌ರೂಮಲ್ಲಿ ನಿಮ್ಮ ಸಾಮಾನು ಬಿಟ್ಟು ಬರಬೇಡಿ, ಪಾತ್ರೆ ಬಳಸಿದ್ರೆ ಆಗ್ಲೇ ತೊಳೆದಿಡಿ, ಬುಕಿಂಗಲ್ಲಿ ಹೆಸರಿಲ್ಲದವರನ್ನ ಕೇಳದೆ ಕರ್ಕೊಂಡು ಬರಬೇಡಿ. ಮನೆಯವರು ಮಾತಿಗೆ ಕೂತ್ರೆ ಕೂತ್ಕೊಳ್ಳಿ, ಊರಲ್ಲಿ ಏನು ನೋಡಬೇಕು ಅಂತ ಕೇಳೋಕ್ಕಿಂತ ಅವರು ಭಾನುವಾರ ಎಲ್ಲಿಗೆ ಹೋಗ್ತಾರೆ ಅಂತ ಕೇಳಿ, ಉತ್ತರ ಬೇರೇನೇ ಬರತ್ತೆ. ಸುಸ್ತಾಗಿದ್ರೆ ನಗ್ತಾ ಹೇಳಿ ರೂಮಿಗೆ ಹೋಗಿ, ಯಾರೂ ತಪ್ಪು ತಿಳಿಯಲ್ಲ. ಬೆಲೆಬಾಳೋದು ಬ್ಯಾಗಲ್ಲಿ ಬೀಗ ಹಾಕಿಡಿ, ಇದು ಮನೆಯವರ ಮೇಲಿನ ಅನುಮಾನ ಅಲ್ಲ, ಆ ಮನೆಗೆ ಬೇರೆ ಗೆಸ್ಟೂ ಬರ್ತಿರ್ತಾರೆ.

ಹಂತ 10: ಏನಾದ್ರೂ ಸರಿ ಇಲ್ಲ ಅಂದ್ರೆ

ಮೊದಲು ಎದುರಿಗೇ ಹೇಳಿ, ಮರ್ಯಾದೆಯಿಂದ, ಅವತ್ತೇ. ಬಿಸಿನೀರು ಬರ್ತಿಲ್ಲ, ಹಾಸಿಗೆ ಬಟ್ಟೆ ಕೊಳೆ ಇದೆ ಅನ್ನೋದೆಲ್ಲ ಎಷ್ಟೋ ಸಲ ಅರ್ಧ ಗಂಟೇಲಿ ಸರಿಹೋಗತ್ತೆ. ಹೇಳಿದ್ದನ್ನೇ ಆಪ್ ಮೆಸೇಜಲ್ಲೂ ಬರೆದು ಫೋಟೋ ಹಾಕಿ. ಸರಿ ಹೋಗ್ಲಿಲ್ಲ ಅಂದ್ರೆ ಕಂಪನಿಗೆ ತಿಳಿಸಿ, ಏರ್‌ಬಿಎನ್‌ಬಿಯಲ್ಲಿ ತೊಂದರೆ ಕಂಡ 72 ಗಂಟೆ ಒಳಗೆ ತಿಳಿಸಬೇಕು, ಊರಿಗೆ ವಾಪಸ್ ಬಂದು ವಾರ ಆದ ಮೇಲೆ ಬರೆದ್ರೆ ಯಾರೂ ಕೇಳಲ್ಲ. ಆದ್ರೆ ರೂಮಲ್ಲಿ ಕ್ಯಾಮೆರಾ ಸಿಕ್ತು, ರಾತ್ರಿ ಯಾರೋ ಬಾಗಿಲು ತಟ್ತಿದ್ದಾರೆ, ಮನೆಯವರ ಮಾತು ನಡತೆ ಭಯ ಹುಟ್ಟಿಸ್ತಿದೆ ಅಂದ್ರೆ ಈ ಕ್ರಮ ಯಾವುದೂ ಬೇಡ. ಬ್ಯಾಗ್ ತಗೊಂಡು ಹೊರಗೆ ಬನ್ನಿ, ಜನ ಇರೋ ಜಾಗಕ್ಕೆ ಹೋಗಿ, ಅಲ್ಲಿಂದ ಪೊಲೀಸಿಗೆ, ಆಮೇಲೆ ಕಂಪನಿಗೆ ಫೋನ್ ಮಾಡಿ. ದುಡ್ಡಿನ ಮಾತು ನಾಳೆ ನೋಡ್ಕೊಳ್ಳಬಹುದು. ಇದಕ್ಕೋಸ್ಕರಾನೇ ಹೊರಡೋಕ್ಕಿಂತ ಮುಂಚೆ ಹತ್ತಿರದ ಒಂದು ಹೋಟೆಲ್ ಹೆಸರು ಬರೆದಿಟ್ಕೊಳ್ಳಿ, ಒಂದು ರಾತ್ರಿಗಾಗೋ ಹಣ ಬೇರೆ ಇಟ್ಟಿರಿ.

ಹಂತ 11: ಹೊರಡೋವಾಗ ಮತ್ತು ಆಮೇಲೆ

ಹಿಂದಿನ ರಾತ್ರಿನೇ ಎಷ್ಟು ಗಂಟೆಗೆ ಹೊರಡ್ತೀರ, ಕೀ ಎಲ್ಲಿಡಬೇಕು ಅಂತ ಮಾತಾಡ್ಕೊಳ್ಳಿ. ಟವಲ್ ಒಂದು ಕಡೆ ಹಾಕಿ, ಕಸ ಹೊರಗಿಟ್ಟು, ಬಂದ ದಿನ ಮಾಡಿದ ಥರಾನೇ ಇನ್ನೊಂದು ವಿಡಿಯೋ ಮಾಡಿ. ಏನಾದ್ರೂ ಒಡೆದಿದ್ರೆ ನೀವೇ ಮೊದಲು ಹೇಳಿ, ಹೇಳಿದವರಿಗೆ ಬಹಳ ಸಲ ಹೋಸ್ಟ್ "ಪರವಾಗಿಲ್ಲ ಬಿಡಿ" ಅಂತಾರೆ, ಮುಚ್ಚಿಟ್ಟಿದ್ದು ಗೊತ್ತಾದ್ರೆ ಬಿಲ್ ಬರತ್ತೆ.

ಏರ್‌ಬಿಎನ್‌ಬಿಯಲ್ಲಿ ರಿವ್ಯೂ ಬರೆಯೋಕೆ 14 ದಿನ ಇರತ್ತೆ, ಇಬ್ಬರೂ ಬರೆದಾದ ಮೇಲೆ ಅಥವಾ ಆ ಅವಧಿ ಮುಗಿದ ಮೇಲೇ ಎರಡೂ ಒಟ್ಟಿಗೆ ಕಾಣೋದು, ಹಾಗಾಗಿ ಅವರು ನನ್ನ ಬಗ್ಗೆ ಏನು ಬರೀತಾರೋ ಅನ್ನೋ ಹೆದರಿಕೆಯಿಂದ ಸತ್ಯ ನುಂಗಬೇಕಾಗಿಲ್ಲ. ಮುಂದೆ ಬರೋರಿಗೆ ಬೇಕಾಗೋದನ್ನ ಬರೀರಿ, ಎಷ್ಟು ಮೆಟ್ಟಿಲು, ರಾತ್ರಿ ಎಷ್ಟು ಸದ್ದು, ಬಾತ್‌ರೂಮ್ ಎಷ್ಟು ಜನಕ್ಕೆ, ಮನೆಯವರು ಹೇಗೆ ನಡ್ಕೊಂಡ್ರು. ಸಣ್ಣ ಕೊರತೆ ಇದ್ರೆ ಅದನ್ನ ಹೋಸ್ಟಿಗೆ ಮಾತ್ರ ಕಾಣೋ ಖಾಸಗಿ ಜಾಗದಲ್ಲಿ ಬರೀಬಹುದು, ಸುರಕ್ಷತೆ ವಿಷಯ ಆದ್ರೆ ಮಾತ್ರ ಎಲ್ಲರಿಗೂ ಕಾಣೋ ಕಡೆನೇ ಬರೀರಿ. ಹಾನಿ ಆಗಿದೆ ಅಂತ ಹೋಸ್ಟ್ ದುಡ್ಡು ಕೇಳೋಕೂ ನೀವು ಹೊರಟ ಮೇಲೆ 14 ದಿನದವರೆಗೆ ಅವಕಾಶ ಇರತ್ತೆ, ಅಲ್ಲಿವರೆಗೆ ಆ ಎರಡೂ ವಿಡಿಯೋ ಫೋನಿಂದ ಅಳಿಸಬೇಡಿ.